ಜಾಗ ಸಾಲದ ಒಂದು ಸಾಲು

ನಮ್ಮ ಕಡೆ ಹೊಸಬರು ಯಾರಾದರೂ ಪರಿಚಯವಾದರೆ ಮೊದಲು ಕೇಳುವುದು ಯಾವ ಊರು ಅಂತ. ಆಮೇಲೆ ಮನೆ ಸ್ವಂತದ್ದೋ ಬಾಡಿಗೆಯೋ ಅಂತ. ಅದಾದ ಮೇಲೆ, "ಏನ್ ಮಾಡ್ಕೊಂಡಿದೀರಾ?" ಮೊದಲಿನ ಎರಡಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಮೂರನೆಯದಕ್ಕೆ ಐವತ್ತು ದಾಟುವ ತನಕ ಇರಲಿಲ್ಲ.

ಕೆಲಸ ಇರಲಿಲ್ಲ ಅಂತಲ್ಲ, ಬೇಕಾದ್ದಕ್ಕಿಂತ ಜಾಸ್ತಿಯೇ ಇತ್ತು. ಡಿಗ್ರಿ ಮುಗಿಸಿ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಕೂತೆ. ಬೇರೆಯವರು ಬರೆದ ಸುದ್ದಿಯನ್ನು ಜಾಗಕ್ಕೆ ತಕ್ಕಂತೆ ಕತ್ತರಿಸುವುದು ಅಲ್ಲಿ ನನ್ನ ಕೆಲಸ. ಅಲ್ಲಿಂದ ರೇಡಿಯೋಗೆ ಹೋಗಿ ಅನೌನ್ಸರ್ ಆದೆ. ಜಾಹೀರಾತು ಕಂಪನಿಯೊಂದರಲ್ಲಿ ಸೋಪು, ಉಪ್ಪಿನಕಾಯಿ, ಸೈಟುಗಳನ್ನು ಕನ್ನಡದಲ್ಲಿ ಹೊಗಳಿದೆ. ಆಸ್ಪತ್ರೆಗೆ ಕರಪತ್ರ ಬರೆದೆ, ಫ್ಯಾಕ್ಟರಿಯೊಂದರ ಒಳಪತ್ರಿಕೆ ನಡೆಸಿದೆ, ಧಾರಾವಾಹಿಗಳಲ್ಲಿ ಅತ್ತೆ ಸೊಸೆಯರ ಬಾಯಿಗೆ ಜಗಳ ತುರುಕಿದೆ. ಭಾನುವಾರ ಕಲ್ಯಾಣ ಮಂಟಪಗಳಲ್ಲಿ ಮೈಕು ಹಿಡಿದು ನಿರೂಪಣೆ. ಎರಡು ದೋಣಿಯ ಮೇಲೆ ಕಾಲಿಡಬಾರದು ಅನ್ನುತ್ತಾರೆ. ನಾನು ಕಾಲಿಟ್ಟ ದೋಣಿಗಳಿಗೆ ನನ್ನ ಕಾಲುಗಳೇ ಸಾಲುತ್ತಿರಲಿಲ್ಲ.

ಹಾಗಾಗಿ ಕೇಳಿದವರ ಮುಖ ನೋಡಿ ಉತ್ತರ ಕೊಡುತ್ತಿದ್ದೆ. ಬ್ಯಾಂಕಿನಲ್ಲಿ ಪತ್ರಕರ್ತೆ, ನೆಂಟರ ಮುಂದೆ ರೇಡಿಯೋದವಳು, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ "ಹೀಗೇ ಫ್ರೀಲ್ಯಾನ್ಸು". ಮನೆಗೆ ಬಂದ ಮೇಲೆ ಪ್ರತಿ ಸಲವೂ ಮನಸ್ಸು ಪೆಚ್ಚಾಗುತ್ತಿತ್ತು. ನನ್ನ ಜೊತೆ ಓದಿದವರೆಲ್ಲ ಒಂದೇ ಕಡೆ ಬೇರೂರಿ ಪ್ರೊಫೆಸರ್, ಎಡಿಟರ್, ಡೈರೆಕ್ಟರ್ ಅಂತ ಒಂದೊಂದು ಹೆಸರು ಸಂಪಾದಿಸಿದ್ದರು. ನಾನು ಸಂಪಾದಿಸಿದ್ದು ಅನುಭವ. ಅದನ್ನು ಒಂದು ಸಾಲಿನಲ್ಲಿ ಬರೆಯಲು ಬರುತ್ತಿರಲಿಲ್ಲ.

ಕೊನೆಗೆ ಬೆಂಗಳೂರಿನ ಸಿದ್ದಾಪುರದ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ವಿಸಿಟಿಂಗ್ ಕಾರ್ಡ್ ಮಾಡಿಸಿದೆ. ಹೆಸರಿನ ಕೆಳಗೆ "ಕಮ್ಯುನಿಕೇಶನ್ಸ್ ಕನ್ಸಲ್ಟೆಂಟ್". ಕತ್ರಿಗುಪ್ಪೆಯ ನಮ್ಮ ಮನೆಯ ಮೇಲಿನ ಫ್ಲ್ಯಾಟಿನ ಆಂಟಿ ಅದನ್ನು ಕಣ್ಣಿನ ಹತ್ತಿರ ಹಿಡಿದು ಓದಿ, "ಕಮ್ಯುನಿಕೇಶನ್ ಅಂದ್ರೆ ಫೋನ್ ಆಫೀಸಾ?" ಅಂದರು.

"ಅಲ್ಲ ಆಂಟಿ," ಅಂದೆ, ಸ್ವಲ್ಪ ಒರಟಾಗಿಯೇ. ಮೂವತ್ತು ವರ್ಷ ದುಡಿದು ಇಷ್ಟಕ್ಕೆ ಬಂದು ನಿಂತೆನಲ್ಲ ಅನ್ನಿಸಿತು.

ಆದರೂ ಆ ಕಾರ್ಡು ಒಂದು ಕೆಲಸ ಮಾಡಿತು. ಪ್ರೆಸ್ಸಿನವರು ಅದನ್ನು ಜಯನಗರದ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಕೈಗೆ ಕೊಟ್ಟರು. ಅವರ ತಾಯಿಗೆ ಎಂಬತ್ತು ತುಂಬುತ್ತಿತ್ತು. ಈಗ ನಮ್ಮ ಕಡೆ ಇದೊಂದು ಪದ್ಧತಿಯೇ ಆಗಿದೆ: ಹಿರಿಯರಿಗೆ ಎಂಬತ್ತಾದರೆ ಬೆಳಿಗ್ಗೆ ಹೋಮ, ಮಧ್ಯಾಹ್ನ ಪಾರ್ಟಿ ಹಾಲ್‌ನಲ್ಲಿ ಊಟ, ಬಂದವರ ಕೈಗೆ ಅವರ ಜೀವನದ ಬಗ್ಗೆ ಒಂದು ಪುಟ್ಟ ಪುಸ್ತಕ. ಆ ಪುಸ್ತಕ ಬರೆದುಕೊಡಲು ಅವರಿಗೆ ಒಬ್ಬರು ಬೇಕಿತ್ತು.

ನಿಮ್ಮ ಮನೆಗೇ ಬಂದು ಅಮ್ಮನವರ ಹತ್ತಿರ ಮಾತಾಡುತ್ತೇನೆ ಅಂದೆ. ಮಗ ಗಾಬರಿಯಾದರು. "ಅಯ್ಯೋ, ಬೇಡ ಮೇಡಂ. ಅಮ್ಮಂಗೆ ಗೊತ್ತಾಗ್ಬಾರ್ದು. ಸರ್ಪ್ರೈಸ್. ಎಲ್ಲ ನಾನೇ ಹೇಳ್ತೀನಿ, ನೀವು ಬರ್ಕೊಳ್ಳಿ."

ಮನೆಯವರು ಹಿರಿಯರ ಮೇಲೆ ಪುಸ್ತಕ ಮಾಡಿಸುತ್ತಾರೆ, ಆ ಹಿರಿಯರನ್ನು ಮಾತ್ರ ಒಂದು ಮಾತೂ ಕೇಳುವುದಿಲ್ಲ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಜಯನಗರ ನಾಲ್ಕನೇ ಬ್ಲಾಕಿನ ಒಂದು ದರ್ಶಿನಿಯಲ್ಲಿ ನಿಂತುಕೊಂಡೇ ಕಾಫಿ ಕುಡಿಯುತ್ತ ಮಗ ತಾಯಿಯ ಬಗ್ಗೆ ಹೇಳಿದರು, ನಾನು ಬರೆದುಕೊಂಡೆ. ನಾಲ್ಕು ಗಂಟೆಗೆ ಏಳುತ್ತಿದ್ದದ್ದು, ಮಕ್ಕಳನ್ನು ಓದಿಸಿದ್ದು, ಯಾರು ಬಂದರೂ ಊಟ ಹಾಕದೆ ಕಳಿಸದೆ ಇದ್ದದ್ದು. ನಡುವೆ ಒಂದು ಮಾತು, "ಮುಂಚೆ ಟೆಲಿಫೋನ್ ಆಫೀಸ್‌ಗೆ ಹೋಗ್ತಿದ್ರು. ನಾನು ಎಸ್ಸೆಸ್ಸೆಲ್ಸಿಗೆ ಬಂದಾಗ ಬಿಟ್ಬಿಟ್ರು. ಅದೇನ್ ದೊಡ್ಡ ವಿಷಯ ಅಲ್ಲ ಬಿಡಿ."

ಬರೆಯಲು ಕೂತಾಗ ನನ್ನ ಹಳೆಯ ವಿದ್ಯೆಗಳೆಲ್ಲ ಒಟ್ಟಿಗೆ ಮೈಮೇಲೆ ಬಂದವು. ಜಾಹೀರಾತಿನವಳು "ತ್ಯಾಗಮಯಿ" ಅಂದಳು, ಧಾರಾವಾಹಿಯವಳು "ಮನೆ ಬೆಳಗಿದ ದೀಪ" ಅಂದಳು, ನಿರೂಪಕಿ ಇವನ್ನೆಲ್ಲ ಓದಿ ತಾನೇ ಕಣ್ಣೊರೆಸಿಕೊಂಡಳು. ಟೆಲಿಫೋನ್ ಆಫೀಸಿಗೂ ಒಂದು ವಾಕ್ಯ ಕೊಟ್ಟಿದ್ದೆ. ಆದರೆ ಪುಟ ಕಟ್ಟಿದಾಗ ಒಂದು ಸಾಲು ಹೆಚ್ಚಾಯಿತು. ಕೊನೆಯ ಪುಟ ಪೂರ್ತಿ ಒಂದು ದೀಪದ ಚಿತ್ರಕ್ಕೆ ಹೋಗಿತ್ತು, ಮಗನಿಗೆ ಅದು ತುಂಬ ಇಷ್ಟವಾಗಿತ್ತು. ಡೆಸ್ಕಿನಲ್ಲಿ ಕಲಿತ ಕೈ, ಯಾವುದು ಹೋದರೆ ಯಾರಿಗೂ ಗೊತ್ತಾಗುವುದಿಲ್ಲವೋ ಅದನ್ನು ತೆಗೆಯಿತು. ಟೆಲಿಫೋನ್ ಆಫೀಸು ಹೋಯಿತು.

ಬನಶಂಕರಿಯ ಪಾರ್ಟಿ ಹಾಲ್‌ನಲ್ಲಿ ಸಮಾರಂಭ ಚೆನ್ನಾಗಿಯೇ ಆಯಿತು. ನಿರೂಪಣೆಯೂ ನನ್ನದೇ. ಪುಸ್ತಕದಿಂದ ಎರಡು ಪುಟ ಓದಿದೆ, ಮುಂದಿನ ಸಾಲಿನಲ್ಲಿ ಕರ್ಚೀಫುಗಳು ಹೊರಬಂದವು. ಆ ತಾಯಿ ಮೈಸೂರು ಸಿಲ್ಕ್ ಸೀರೆಯಲ್ಲಿ, ದೊಡ್ಡ ಕುರ್ಚಿಯಲ್ಲಿ ಪುಟ್ಟದಾಗಿ ಕೂತು ಪುಸ್ತಕದ ಹಾಳೆ ತಿರುವುತ್ತಿದ್ದರು. ಕೊನೆಯವರೆಗೂ ಹೋಗಿ, ಮತ್ತೆ ಮೊದಲಿಂದ ತಿರುವಿದರು. ಮೆಚ್ಚಿದ್ದಾರೆ ಅಂದುಕೊಂಡೆ. ಎರಡು ಮಾತಾಡಿ ಅಂತ ಮೈಕು ಕೊಟ್ಟರೆ, "ಎಲ್ರೂ ಊಟ ಮಾಡ್ಕೊಂಡೇ ಹೋಗಿ," ಅಂದು ವಾಪಸ್ಸು ಕೊಟ್ಟರು. ಜನ ನಕ್ಕರು.

ಕೆಲವು ದಿನಗಳ ಮೇಲೆ ಅವರದೇ ಫೋನು ಬಂತು. "ಪುಸ್ತಕ ಬರೆದೋರು ನೀವೇ ಏನಮ್ಮ? ಒಂದ್ಸಲ ಮನೆ ಕಡೆ ಬನ್ನಿ."

ಹೋದೆ. ಕಾಫಿ ಕೊಟ್ಟು, ಎದುರಿಗೆ ಕೂತು, ಪುಸ್ತಕವನ್ನು ನನ್ನ ಮುಂದೆ ಇಟ್ಟರು. "ನನ್ನ ಆಫೀಸು ಎಲ್ಲಮ್ಮ ಇದ್ರಲ್ಲಿ?"

"ಅದು... ಜಾಗ ಸಾಲ್ಲಿಲ್ಲ ಅಮ್ಮ."

ಅವರು ಕೊನೆಯ ಪುಟ ತೆಗೆದರು. ದೀಪವನ್ನು ನೋಡಿದರು, ನನ್ನನ್ನು ನೋಡಿದರು. "ದೀಪ ಚೆನ್ನಾಗಿದೆ," ಅಂದರು. ಜೀವಮಾನದಲ್ಲಿ ನನ್ನ ಕೆಲಸಕ್ಕೆ ಎಷ್ಟೋ ಎಡಿಟರುಗಳು ಬೈದಿದ್ದಾರೆ. ಯಾವ ಬೈಗುಳಕ್ಕೂ ನನ್ನ ಕಿವಿ ಹಾಗೆ ಬಿಸಿಯಾಗಿರಲಿಲ್ಲ.

"ಆಗಿದ್ದು ಆಗ್ಹೋಯ್ತು. ಟೈಮಿದ್ರೆ ಕೂತ್ಕೋ, ಹೇಳ್ತೀನಿ," ಅಂದರು. ಅಷ್ಟು ಹೊತ್ತಿಗೆ ಅವರ ಬಾಯಲ್ಲಿ ನಾನು "ನೀವು"ನಿಂದ "ನೀನು"ಗೆ ಇಳಿದಿದ್ದೆ. ನನಗೆ ಅದರಿಂದ ಸಮಾಧಾನವೇ ಆಯಿತು.

ಅವರು ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರು. ಬೇರೆ ಊರಿಗೆ ಫೋನು ಮಾಡಬೇಕಾದರೆ ಮೊದಲು ಬುಕ್ ಮಾಡಿ ಕಾಯಬೇಕಿದ್ದ ಕಾಲ. ತಲೆಗೆ ಹೆಡ್‌ಫೋನು ಹಾಕಿಕೊಂಡು ಸಾಲಾಗಿ ಕೂತ ಹೆಂಗಸರು ಒಂದೂರಿನ ತಂತಿಯನ್ನು ಇನ್ನೊಂದೂರಿಗೆ ಸಿಕ್ಕಿಸಿ ಮಾತು ಕೂಡಿಸುತ್ತಿದ್ದರು. ಲೈನು ಕೊಟ್ಟ ಮೇಲೆ ತಮ್ಮ ಕಿವಿ ತೆಗೆಯಬೇಕು, ಮೂರು ನಿಮಿಷ ಆದಾಗ ಮಾತ್ರ ನಡುವೆ ಬಂದು ಹೇಳಬೇಕು. ಲೈನು ತೀರಾ ಕೆಟ್ಟಿದ್ದು ಒಬ್ಬರ ಮಾತು ಒಬ್ಬರಿಗೆ ಕೇಳಿಸದಿದ್ದರೆ ಆಪರೇಟರೇ ಮಧ್ಯೆ ನಿಂತು ಈ ಕಡೆಯದನ್ನು ಆ ಕಡೆಗೆ ಹೇಳಬೇಕು.

"ಹಾಗೆ ಹೇಳುವಾಗ ಅವ್ರು ಏನಂದ್ರೋ ಅಷ್ಟೇ ಹೇಳ್ಬೇಕು," ಅಂದರು. "ನಮ್ಮ ಒಗ್ಗರಣೆ ಹಾಕ್ಬಾರ್ದು."

ಒಂದು ಸಲ ಬೆಂಗಳೂರಿನಿಂದ ಒಬ್ಬರು ಶಿವಮೊಗ್ಗದಲ್ಲಿದ್ದ ತಂಗಿಗೆ ಫೋನು ಮಾಡಿದರಂತೆ. ಏನೂ ಕೇಳಿಸುತ್ತಿರಲಿಲ್ಲ. ಇವರು ಮಧ್ಯೆ ನಿಂತರು. ಅಣ್ಣ ಹೇಳಿದ್ದು, ಅಪ್ಪ ಹೋದರು ಅಂತ.

"ನನಗೆ ಆಗ ಇಪ್ಪತ್ತೆರಡೋ ಏನೋ. ಸ್ವಲ್ಪ ಸುತ್ತಿಬಳಸಿ ಹೇಳೋಣ ಅನ್ನಿಸ್ತು. ಹೇಳ್ಲಿಲ್ಲ. 'ಅಪ್ಪ ಹೋದ್ರು' ಅಂದೆ. ಆ ಕಡೆಯಿಂದ ಆ ಹುಡುಗಿ, 'ಊಟ ಮಾಡಿದ್ರಾ?' ಅಂದ್ಲು. ಅದನ್ನೇ ಈ ಕಡೆ ಕೇಳ್ದೆ. 'ಮೊಸರನ್ನ ತಿಂದಿದ್ರು' ಅಂದ್ರು. ಅದನ್ನ ಆ ಕಡೆ ಹೇಳ್ದೆ. ಆಮೇಲೆ ಇಬ್ರೂ ಅಳೋಕೆ ಶುರು ಮಾಡಿದ್ರು. ಅಳೋದಕ್ಕೆ ನಾನು ಬೇಕಿರ್ಲಿಲ್ಲ ನೋಡು, ಅದು ಎರಡೂ ಕಡೆ ಚೆನ್ನಾಗಿ ಕೇಳಿಸ್ತಿತ್ತು. ಮೂರು ನಿಮಿಷ ಆಗಿತ್ತು. ನಾನು ಹೇಳ್ಲಿಲ್ಲ. ಸೂಪರ್‌ವೈಸರ್ ಹತ್ರ ಬೈಸ್ಕೊಂಡೆ."

ಇದನ್ನು ಮಕ್ಕಳಿಗೆ ಯಾಕೆ ಹೇಳಿಲ್ಲ ಅಂತ ಕೇಳಿದೆ. "ಲೈನಿನಲ್ಲಿ ಕೇಳಿದ್ದನ್ನ ಹೊರಗೆ ಹೇಳ್ಬಾರ್ದು ಅಂತ ರೂಲ್ಸಮ್ಮ. ಈಗ ಆ ಎಕ್ಸ್‌ಚೇಂಜೂ ಇಲ್ಲ, ಅವ್ರೂ ಎಲ್ಲಿದಾರೋ. ಇನ್ನು ಹೇಳಬಹುದು ಅಂತ ಕಾಯ್ತಿದ್ದೆ. ಯಾರೂ ಕೇಳ್ಲಿಲ್ಲ."

ಇನ್ನೂ ಕೆಲವು ಮಧ್ಯಾಹ್ನ ಹೋದೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ಮನೆಯಲ್ಲಿ ಬರೆದು, ತಂದು ಓದಿ ಹೇಳುತ್ತಿದ್ದೆ. ಒಂದು ಕಡೆ ಅವರು ಕೈ ಎತ್ತಿ ನಿಲ್ಲಿಸಿದರು.

"'ಹೃದಯ ಭಾರವಾಯಿತು' ಅಂತ ಓದಿದ್ಯಲ್ಲ, ಹಾಗೆ ನಾನು ಅಂದ್ನಾ?"

"ಇಲ್ಲ ಅಮ್ಮ."

"ಮತ್ತೆ?"

ಹೊಡೆದು ಹಾಕಿದೆ. ಹಾಗೆ ಹೊಡೆಯುತ್ತ ಹೊಡೆಯುತ್ತ ನನ್ನ ಮೂವತ್ತು ವರ್ಷದ ಒಗ್ಗರಣೆಯೆಲ್ಲ ಕೆಳಗಿಳಿಯಿತು. ಉಳಿದದ್ದನ್ನು ನೋಡಿದರೆ ಅಚ್ಚರಿ. ಕತ್ತರಿಸುವ ಕೈ ಡೆಸ್ಕಿನದು, ಈ ಸಲ ಅದು ನನ್ನ ಮಾತನ್ನೇ ಕತ್ತರಿಸುತ್ತಿತ್ತು. ಅವರು ಎಲ್ಲಿ ಉಸಿರು ತೆಗೆದುಕೊಂಡರು ಅಂತ ಹಿಡಿಯುವ ಕಿವಿ ರೇಡಿಯೋದ್ದು. ನಾಲ್ಕೇ ಪದದಲ್ಲಿ ಮುಗಿಸುವುದನ್ನು ಉಪ್ಪಿನಕಾಯಿ ಕಲಿಸಿತ್ತು. ರೋಗಿಗಳಿಗೆ ಅರ್ಥವಾಗುವ ಹಾಗೆ ಬರೆಯುವುದನ್ನು ಆಸ್ಪತ್ರೆ ಕಲಿಸಿತ್ತು. ದಿಕ್ಕಾಪಾಲಾಗಿದ್ದವೆಲ್ಲ ಒಂದೇ ಕೆಲಸಕ್ಕೆ ಬಂದು ಕೂತಿದ್ದವು. ವಯಸ್ಸಾದವರ ಮಾತು ಕೇಳಿ, ಅವರು ಹೇಳಿದ ಹಾಗೇ ಬರೆದುಕೊಟ್ಟು, ನಡುವಿನಿಂದ ಎದ್ದು ಬರುವುದು. ನನ್ನ ಕೆಲಸ ಇದು. ಮೇಲಿನ ಫ್ಲ್ಯಾಟಿನ ಆಂಟಿ ಕೇಳಿದ್ದೇ ಸರಿ, ನನ್ನದು ಫೋನ್ ಆಫೀಸೇ.

ಖುಷಿಯಾಗಬೇಕಿತ್ತು. ಆಯಿತು ಕೂಡ, ಆದರೆ ತಡವಾಗಿ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಇಪ್ಪತ್ತು ವರ್ಷ ಮೊದಲೇ ಇದು ಗೊತ್ತಾಗಿದ್ದರೆ ನನ್ನ ಅಜ್ಜಿ ಇದ್ದರು, ಸೋದರತ್ತೆ ಇದ್ದರು, ಅಡುಗೆಮನೆಯಲ್ಲಿ ಕೂತು ಮಾತಾಡುತ್ತಲೇ ಇದ್ದ ಎಷ್ಟೋ ಜನ ಇದ್ದರು. ಆಗ ನಾನು ನನಗೊಂದು ಹೆಸರು ಹುಡುಕುವುದರಲ್ಲೇ ಇದ್ದೆ. ಅವರಲ್ಲಿ ಒಬ್ಬರ ಮಾತೂ ನನ್ನ ಹತ್ತಿರ ಇಲ್ಲ. ಇದು ಈಗಲೂ ಸುಡುತ್ತದೆ.

ಬರೆದದ್ದನ್ನು ಅವರ ಮಗನಿಗೆ ಕೊಟ್ಟೆ. ಅಲ್ಲೇ ಕೂತು ಪೂರ್ತಿ ಓದಿದರು. "ಅಮ್ಮ ನನಗೆ ಇದನ್ನ ಹೇಳೇ ಇಲ್ವಲ್ಲ ಮೇಡಂ," ಅಂದರು. ಆಮೇಲೆ ಅವರೇ, "ಇದನ್ನ ಪ್ರಿಂಟ್ ಮಾಡ್ಸೋಣ. ಹಳೇದು ಇನ್ನೂ ಒಂದು ಡಬ್ಬ ಉಳಿದಿದೆ, ಖಾಲಿ ಆಗ್ಲಿ. ಮುಂದಿನ ಹುಟ್ಟಿದಹಬ್ಬಕ್ಕೆ ಮಾಡೋಣ," ಅಂದರು. ನ್ಯಾಯವಾದ ಮಾತು. ನಾನೂ ಒಪ್ಪಿದೆ. ತಾಯಿಗೆ ಹೇಳಿದಾಗ, "ಈ ಸಲ ದೀಪ ಹಾಕ್ಬೇಡ," ಅಂದು ನಕ್ಕರು.

ಆ ಹುಟ್ಟಿದಹಬ್ಬ ಬರಲಿಲ್ಲ. ಜ್ವರ ಅಂತ ಆಸ್ಪತ್ರೆಗೆ ಸೇರಿಸಿದವರು ಮನೆಗೆ ವಾಪಸ್ಸಾಗಲಿಲ್ಲ. ಮಗ ಫೋನು ಮಾಡಿ, "ಅಮ್ಮ ಹೋದ್ರು ಮೇಡಂ," ಅಂದರು. ಊಟ ಮಾಡಿದ್ದರಾ ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ.

ವೈಕುಂಠ ಸಮಾರಾಧನೆಗೆ ಹೋದೆ. ಬಾಗಿಲ ಬಳಿ ಮೊಮ್ಮಕ್ಕಳು ಬಂದವರಿಗೆಲ್ಲ ಪುಸ್ತಕ ಕೊಡುತ್ತಿದ್ದರು. ಹೊಸದನ್ನು ಪ್ರಿಂಟ್ ಮಾಡಿಸಲು ಆ ದಿನಗಳಲ್ಲಿ ಯಾರಿಗೆ ಪುರುಸೊತ್ತು? ಉಳಿದ ಡಬ್ಬವನ್ನು ಒಡೆದಿದ್ದರು. ಮಗ ನನ್ನನ್ನು ನೋಡಿ, ಕೈ ಮುಗಿದು ಹೋದರು. ನನ್ನ ಕೈಗೂ ಒಂದು ಪುಸ್ತಕ ಬಂತು.

ಊಟದ ಸಾಲಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸು, ಎಲೆಗೆ ನೀರು ಚಿಮುಕಿಸುತ್ತ, "ನೀವು ಏನ್ ಮಾಡ್ಕೊಂಡಿದೀರಾ?" ಅಂದರು.

"ವಯಸ್ಸಾದವರ ಮಾತು ಕೇಳಿ ಬರ್ಕೊಡ್ತೀನಿ," ಅಂದೆ. ತಡವರಿಸದೆ ಆ ಪ್ರಶ್ನೆಗೆ ಉತ್ತರ ಕೊಟ್ಟದ್ದು ಅದೇ ಮೊದಲು.

"ಹೌದಾ? ಹಾಗಾದ್ರೆ ಇದನ್ನ ನೋಡಿ, ಎಷ್ಟು ಚೆನ್ನಾಗಿ ಬರ್ದಿದಾರೆ. ನಂಗೆ ಅಳುವೇ ಬಂತು." ತೊಡೆಯ ಮೇಲಿದ್ದ ಪುಸ್ತಕವನ್ನು ಎಡಗೈಯಲ್ಲಿ ಎತ್ತಿ ತೋರಿಸಿದರು. "ಪಾಪ, ಜೀವನಪೂರ್ತಿ ಮನೆಗೇ ದುಡಿದ್ರು. ಹೊರಗಡೆ ಕೆಲಸಕ್ಕೆ ಏನೂ ಹೋಗಿರ್ಲಿಲ್ಲ ಅನ್ಸುತ್ತೆ."

"ಹೋಗ್ತಿದ್ರು," ಅಂದೆ. "ಟ್ರಂಕ್ ಎಕ್ಸ್‌ಚೇಂಜ್‌ನಲ್ಲಿ ಆಪರೇಟರ್ ಆಗಿದ್ರು."

"ಹೌದಾ? ಇದ್ರಲ್ಲಿ ಇಲ್ವಲ್ಲ?" ಆಕೆ ಒಂದೊಂದೇ ಹಾಳೆ ತಿರುವಿದರು. ಕೊನೆಯ ಪುಟಕ್ಕೆ ಬಂದು, ದೀಪದ ಚಿತ್ರದ ಮೇಲೆ ಬೆರಳಿಟ್ಟುಕೊಂಡು ನನ್ನ ಕಡೆ ನೋಡಿದರು.

"ಇಲ್ಲ," ಅಂದೆ. "ಜಾಗ ಸಾಲ್ಲಿಲ್ಲ."