ಎಡತೋಳಿನ ಹಸಿರು

ಚಿಕ್ಕಬಾಣಾವರದಲ್ಲಿ ನಾನು ಬಾಡಿಗೆಗಿರುವ ಮನೆಯ ಒಡತಿಯನ್ನು ಅಕ್ಕ ಎನ್ನುತ್ತೇನೆ. ಅವರ ಹೊಲವಿದ್ದ ಜಾಗದಲ್ಲಿ ಈಗ ಮೂರು ಅಂತಸ್ತು ಎದ್ದಿದೆ. ಹಿತ್ತಲಲ್ಲಿ ಎರಡು ಹಸು ಉಳಿದಿವೆ. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕುವುದು ಅಕ್ಕನ ಯಜಮಾನರ ಕೆಲಸ. ಅವರಿಗಾಗಿ ಅಕ್ಕ ಹಸಿರು ಉಣ್ಣೆಯ ಸ್ವೆಟರ್ ಹೆಣೆಯುತ್ತಿದ್ದರು. ಎಡತೋಳು ಬಾಕಿಯಿದ್ದಾಗ ನೂಲು ಮುಗಿಯಿತು. ಅಂಗಡಿಗೆ ಆ ಹಸಿರು ಬರುವುದೇ ನಿಂತಿತ್ತು. ಚಳಿ ಆಗಲೇ ಶುರುವಾಗಿತ್ತು.

"ಎಲ್ಲಾನೂ ಬಿಚ್ಚಾಕ್ಬಿಡ್ಲಾ?" ಎಂದು ಕೇಳಿದರು. ಮಳೆಗಾಲವಿಡೀ ಹೆಣೆದದ್ದು.

ರಜೆಯ ದಿನ ನಾನು ತಾರಸಿಯ ಮೇಲೆ ಉಣ್ಣೆಗೆ ಬಣ್ಣ ಹಾಕುತ್ತೇನೆ. ಒಂದು ಸ್ಟವ್, ಅಡುಗೆಗೆ ಬಳಸದ ಸ್ಟೀಲ್ ಪಾತ್ರೆ, ಆಸಿಡ್ ಡೈ ಎಂಬ ಬಣ್ಣದ ಪುಡಿ, ವಿನೆಗರ್. ಹೆಸರಿಗೆ ಹೆದರಬೇಕಿಲ್ಲ, ಇಲ್ಲಿ ಆಸಿಡ್ ಎಂದರೆ ಆ ವಿನೆಗರ್‌ನ ಹುಳಿಯಷ್ಟೆ. ನನ್ನ ಬಳಿ ಬಿಳಿ ಉಣ್ಣೆ ನೂಲಿನ ಎರಡು ಲಡಿ ಇದ್ದವು. ಹಳದಿ, ನೀಲಿ ಬೆರೆಸಿ ತುಂಡು ನೂಲಿನ ಮೇಲೆ ಪರೀಕ್ಷಿಸಿದೆ. ನಾಲ್ಕನೆಯ ಸಲ ಹಸಿರು ಹೊಂದಿತು. ಅಳತೆ ಬರೆದಿಟ್ಟುಕೊಂಡೆ.

ಮೊದಲ ಲಡಿ ಬಿಸಿಯಾಗುತ್ತಿದ್ದಾಗ ನಾನು ಕೆಲಸ ಮಾಡುವ ಪತ್ರಿಕಾ ಕಚೇರಿಯಿಂದ ಫೋನ್ ಬಂತು. "ಅಕ್ಕ, ಸ್ವಲ್ಪ ನೋಡ್ಕೊಳ್ಳಿ, ಕುದಿಬಾರ್ದು" ಎಂದು ಪಕ್ಕದಲ್ಲಿ ನೋಡುತ್ತಿದ್ದ ಅವರಿಗೆ ಹೇಳಿ ಕೆಳಗಿಳಿದೆ. ಕಲಕಬಾರದು ಎಂದು ಹೇಳಲಿಲ್ಲ. ಆ ತಪ್ಪು ನನ್ನದು.

ಮರಳಿದಾಗ ಅಕ್ಕ ಅಡುಗೆಮನೆಯಿಂದ ಮುದ್ದೆ ಕೋಲು ತಂದು, ಇಕ್ಕಳದಲ್ಲಿ ಪಾತ್ರೆ ಹಿಡಿದು ಬಿರುಸಾಗಿ ತಿರುವುತ್ತಿದ್ದರು.

"ಅಯ್ಯೋ, ಏನಕ್ಕ ಇದು!"

"ತಿರುವ್ದೆ ಬಿಟ್ರೆ ಗಂಟಾಗಲ್ವೇನಮ್ಮ?"

ರಾಗಿ ಹಿಟ್ಟಿನ ವಿಷಯದಲ್ಲಿ ಅದು ನಿಜ. ಬಿಸಿನೀರಿನಲ್ಲಿರುವ ಉಣ್ಣೆ ತಿರುವಿದರೇ ಗಂಟಾಗುತ್ತದೆ. ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಕಂಬಳಿಯ ತುಂಡಿನಂತೆ ಗಟ್ಟಿಯಾಗಿದ್ದವು. ಆರಿದ ಮೇಲೆ ಅಕ್ಕ ಎರಡೂ ಕೈಯಲ್ಲಿ ಎಳೆದು ನೋಡಿದರು. ಒಂದೆಳೆಯೂ ಬಿಡಿಸಿಕೊಂಡು ಬರಲಿಲ್ಲ.

"ಮುದ್ದೆನೇ ಕಟ್ಬುಟ್ನಲ್ಲ ನಾನು" ಎಂದು ಮುಖ ಸಣ್ಣ ಮಾಡಿಕೊಂಡರು. ಆಮೇಲೆ ಅವರೇ ಮೊದಲು ನಕ್ಕರು. ಹಸಿರಾದ ಕೋಲನ್ನು ಇನ್ನು ಅಡುಗೆಗೆ ಬಳಸುವಂತಿರಲಿಲ್ಲ. "ತಗಾ, ಇನ್ಮೇಲೆ ಇದು ನಿಂದೇ."

ಎರಡನೆಯ ಲಡಿಯ ಸರದಿಯಲ್ಲಿ ಅಕ್ಕ ಕೈಗಳನ್ನು ತೊಡೆಯಡಿ ಅದುಮಿಕೊಂಡು ಕುಳಿತರು. ಮುಕ್ಕಾಲು ಗಂಟೆಯಲ್ಲಿ ನೂಲು ಬಣ್ಣವನ್ನೆಲ್ಲ ಹೀರಿಕೊಂಡಿತು. ಪಾತ್ರೆಯ ನೀರು ತಿಳಿಯಾಯಿತು. "ಹಸ್ರೆಲ್ಲಾ ಎಲ್ಲೋಯ್ತು?" ಎಂದು ಬಗ್ಗಿ ನೋಡಿದರು. ನೂಲನ್ನು ಎತ್ತಿ ತೋರಿಸಿದೆ. ಅವರು ಒಳಗೋಡಿ ಸ್ವೆಟರ್ ತಂದು ಪಕ್ಕಕ್ಕೆ ಹಿಡಿದರು. ಹೊಂದಿತ್ತು.

ಎಡತೋಳು ಮೊಣಕೈ ದಾಟಿತು. ಮಣಿಕಟ್ಟಿಗೆ ನಾಲ್ಕು ಬೆರಳಿನಷ್ಟು ಬಾಕಿಯಿರುವಾಗ ಆ ನೂಲೂ ಮುಗಿಯಿತು. ಇನ್ನೊಂದು ಲಡಿ ತರಿಸುತ್ತೇನೆ, ಒಂದು ವಾರ ಎಂದೆ. ಅಷ್ಟರಲ್ಲಿ ಯಜಮಾನರು ಸ್ವೆಟರ್ ತೊಟ್ಟಾಗಿತ್ತು.

"ಬಿಚ್ಕೊಡಿ, ಅರ್ಧಂಬರ್ಧ ಐತೆ" ಎಂದರು ಅಕ್ಕ.

"ಹಾಲ್ ಕರಿಯೋವಾಗ ತೋಳು ಮಡಚ್ಲೇಬೇಕಲ್ವಾ? ಒಂದನ್ನ ನೀನೇ ಮಡಚಿ ಕೊಟ್ಟಿದ್ದೀಯ, ಬುಡು" ಎಂದ ಯಜಮಾನರು ಬಲತೋಳನ್ನು ಮಾತ್ರ ಮೇಲಕ್ಕೆ ಮಡಚಿಕೊಂಡು, ಬಕೆಟ್ ಹಿಡಿದು ಹಿತ್ತಲಿಗೆ ನಡೆದರು.