ಜೂನ್‌ನಲ್ಲೇ ಬರೆದಿಟ್ಟ ಫೆಬ್ರವರಿಯ ಷರಾ

ಪಾಠ ಮಕ್ಕಳಿಗೆ ಹತ್ತಿತೋ ಇಲ್ಲವೋ ಎಂಬುದು ಪಾಠ ಮಾಡಿದ ಮೇಲೆ ಗೊತ್ತಾಗುವ ಸಂಗತಿ, ಮಾಡುವ ಮೊದಲಲ್ಲ. ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ. ರಾಜೀವಿ ಟೀಚರ ಕತೆ ಕೇಳಿದ ಮೇಲೆ ಹೇಳಲೇಬೇಕಾಗಿದೆ.

ರಾಜೀವಿ ಟೀಚರು ಕಲಿಸುವುದು ವಂಡ್ಸೆಯಿಂದ ಒಳಗೆ ಒಂದು ಸರಕಾರಿ ಶಾಲೆಯಲ್ಲಿ. ಕುಂದಾಪುರದಿಂದ ಬಸ್ಸು, ಇಳಿದ ಮೇಲೆ ಅರ್ಧ ಗಂಟೆ ನಡಿಗೆ. ೧೯೯೭ರಲ್ಲಿ ಕೆಲಸಕ್ಕೆ ಸೇರಿದಂದಿನಿಂದ ವಾರವಾರವೂ ಪಾಠ ಟಿಪ್ಪಣಿ ಬರೆದವರು. ಯಾವ ಪಾಠ, ಹೇಗೆ ಕಲಿಸುವುದು, ಏನು ತೋರಿಸುವುದು ಎಲ್ಲ ಅದರಲ್ಲಿರಬೇಕು. ಪುಟದ ಕೊನೆಗೆ ಷರಾ ಅಂತ ಒಂದು ಖಾನೆ. ಪಾಠ ಹೇಗಾಯಿತು ಎಂದು ಪಾಠ ಮಾಡಿದವರೇ ಬರೆಯಬೇಕಾದ ಜಾಗ. ಅವರ ಶಾಲೆಯಲ್ಲಿ ಉಳಿದವರು ಅದನ್ನು ಖಾಲಿ ಬಿಡುತ್ತಿದ್ದರು. ಶನಿವಾರ ಹೆಡ್‌ಮಾಸ್ಟ್ರು ಸಹಿ ಹಾಕಿದರೆ ಆ ವಾರದ ಕತೆ ಮುಗಿಯಿತು.

೨೦೧೦ರಲ್ಲಿ ಟೀಚರು ಒಂದು ಚೈನಾ ಮೊಬೈಲ್ ಕೊಂಡರು. ಅದರಲ್ಲಿ ಮಾತು ರೆಕಾರ್ಡ್ ಆಗುತ್ತಿತ್ತು. ಐದನೇ ಕ್ಲಾಸಿನ ಭಿನ್ನರಾಶಿ ಪಾಠ ಪ್ರತಿ ವರ್ಷ ಕೈಕೊಡುತ್ತಿತ್ತು, ಯಾಕೆಂದು ತಿಳಿಯುತ್ತಿರಲಿಲ್ಲ. ಒಂದು ದಿನ ಮೊಬೈಲನ್ನು ಮುಂದಿನ ಬೆಂಚಿನ ಮೇಲಿಟ್ಟು ಪಾಠ ಮಾಡಿ, ಸಂಜೆ ಬಸ್ಸಿನಲ್ಲಿ ಕಿವಿಗೆ ವಯರು ಸಿಕ್ಕಿಸಿಕೊಂಡು ಕೇಳಿದರು.

"ನಂಗೆ ನಾಚ್ಕಿ ಆಯ್ತ್ ಮಾರಾಯ್ರೆ," ಅಂದರು ನನ್ನೊಡನೆ. "ನಲ್ವತ್ ನಿಮ್ಷದಗೆ ಮೂವತ್ತೈದ್ ನಿಮ್ಷ ನಂದೇ ಬಾಯಿ. ನಾನ್ ಗೊತ್ತಾಯ್ತಾ ಮಕ್ಳೆ ಅಂಬುದ್, ಅವ್ ಹೌದು ಟೀಚರ್ ಅಂಬುದ್. ಅಷ್ಟೇ."

ನಡುವೆ ಒಂದು ಪಿಸುಮಾತೂ ಸಿಕ್ಕಿತು. ಮುಂದಿನ ಬೆಂಚಿನ ಅಕ್ಷಯಾ ಪಕ್ಕದವಳಿಗೆ ಹೇಳುತ್ತಿದ್ದಳು: "ಮೂರಕ್ಕಿಂತ ನಾಲ್ಕ್ ದೊಡ್ಡದಲ್ದಾ? ಹಂಗಾರೆ ಮೂರ್ನೇ ಒಂದಕ್ಕಿಂತ ನಾಲ್ಕ್ನೇ ಒಂದೇ ದೊಡ್ಡದ್."

ಹದಿಮೂರು ವರ್ಷದ ಗಂಟು ಅಲ್ಲಿತ್ತು. ಆ ಮಗು ಪಾಠ ಕೇಳದೆ ತಪ್ಪಿದ್ದಲ್ಲ, ಯೋಚನೆ ಮಾಡಿಯೇ ತಪ್ಪಿತ್ತು. ಟೀಚರು ಮರುದಿನಕ್ಕೆ ಬರೆದಿದ್ದ ಪಾಠಕ್ಕೆ ಅಡ್ಡ ಗೀಟು ಎಳೆದರು. ಷರಾ ಖಾನೆಯಲ್ಲಿ ಬರೆದರು: 'ಪಾಠ ಸೋತಿದೆ. ನಾನು ತುಂಬ ಮಾತಾಡಿದೆ. ಅಕ್ಷಯಾ ಕೆಳಗಿನ ಅಂಕಿ ಮಾತ್ರ ನೋಡುತ್ತಾಳೆ. ನಾಳೆ ದೋಸೆ.'

ಮರುದಿನ ಡಬ್ಬಿಯಲ್ಲಿ ಎರಡು ದೋಸೆ ತಂದು, ಒಂದನ್ನು ಮೂವರಿಗೆ, ಇನ್ನೊಂದನ್ನು ನಾಲ್ವರಿಗೆ ಸಮನಾಗಿ ಹಂಚಿಕೊಳ್ಳಲು ಕೊಟ್ಟು ಬಾಯಿ ಮುಚ್ಚಿ ನಿಂತರು. ನಾಲ್ವರಲ್ಲಿ ಒಬ್ಬಳು ಅಕ್ಷಯಾ. ತನ್ನ ತುಂಡು ನೋಡಿದಳು, ಆಚೆಯವರ ತುಂಡು ನೋಡಿದಳು. "ಟೀಚರ್, ನಾನ್ ಆ ಬದಿಗ್ ಹೋತೆ" ಅಂದಳು. ಆ ಮಾತೂ ರೆಕಾರ್ಡ್ ಆಗಿದೆ.

ಒಂದು ವರ್ಷ ಹೀಗೇ ನಡೆಯಿತು. ಕ್ಲಾಸು, ಬಸ್ಸು, ಗೀಟು, ಷರಾ. ಪುಸ್ತಕ ನೋಡಲು ಚಂದವಿರಲಿಲ್ಲ.

೨೦೧೧ರ ಜೂನ್‌ನಲ್ಲಿ, ಪಾಠ ಟಿಪ್ಪಣಿ ಇನ್ನು ಕಂಪ್ಯೂಟರಿನಲ್ಲಿ ಪ್ರಿಂಟ್ ಆಗಿರಬೇಕು ಎಂದು ಮೇಲಿನಿಂದ ಮಾತು ಬಂತು. ಅದೇ ಶಾಲೆಯ ಕಿರಿಯ ಮೇಷ್ಟ್ರು ರವಿಚಂದ್ರ ಎಲ್ಲಿಂದಲೋ ಒಂದು ಸಿ.ಡಿ. ತಂದರು. ಎಲ್ಲ ಕ್ಲಾಸಿನ ಇಡೀ ವರ್ಷದ ಪಾಠ ಟಿಪ್ಪಣಿ ಅದರಲ್ಲಿ ತಯಾರಿತ್ತು.

"ಹ್ವಾಯ್ ಟೀಚರೇ, ಎಂತಕ್ ಕೈ ನೋಯ್ಸ್ಕಂತ್ರಿ? ಶಾಲಿ ಹೆಸ್ರ್ ಹಾಕ್ರೆ ಆಯ್ತ್."

ಟೀಚರು ತೆರೆದು ಓದಿದರು. ನಾಲ್ಕನೇ ಕ್ಲಾಸಿನ ಬೆಳೆಗಳ ಪಾಠದಲ್ಲಿ, 'ಮಕ್ಕಳನ್ನು ಹತ್ತಿರದ ಜೋಳದ ಹೊಲಕ್ಕೆ ಕರೆದೊಯ್ದು ತೋರಿಸಲಾಯಿತು' ಎಂದಿತ್ತು. ವಂಡ್ಸೆಯ ಮಕ್ಕಳು ಜೋಳದ ಹೊಲ ನೋಡಬೇಕಾದರೆ ಘಟ್ಟ ಹತ್ತಿ ದಿನವಿಡೀ ಬಸ್ಸಿನಲ್ಲಿ ಕೂರಬೇಕು. ಅದನ್ನಾದರೂ ನಕ್ಕು ಬಿಡಬಹುದಿತ್ತು. ಪ್ರತಿ ಪುಟದ ಕೊನೆಗೆ ಷರಾ ಕೂಡ ಟೈಪ್ ಆಗಿತ್ತು: 'ಮಕ್ಕಳು ಆಸಕ್ತಿಯಿಂದ ಕಲಿತರು. ಉದ್ದೇಶ ಈಡೇರಿದೆ.' ಫೆಬ್ರವರಿಯಲ್ಲಿ ಮಾಡಬೇಕಾದ ಪಾಠದ ಉದ್ದೇಶ ಜೂನ್‌ನಲ್ಲೇ ಈಡೇರಿ ಕೂತಿತ್ತು.

ಟೀಚರು ಕೈಯಲ್ಲೇ ಬರೆದರು. ತಪಾಸಣೆಯ ದಿನ ಅಧಿಕಾರಿ ರವಿಚಂದ್ರರ ಫೈಲಿಗೆ 'ಉತ್ತಮ' ಎಂದು ಬರೆದು ಸಹಿ ಹಾಕಿದರು. ಸಹಿ ಬಿದ್ದದ್ದು ಜೋಳದ ಹೊಲದ ಪುಟಕ್ಕೇ. ರಾಜೀವಿ ಟೀಚರ ಪುಸ್ತಕಕ್ಕೆ ಕೆಂಪು ಶಾಯಿ: 'ಗಲೀಜು. ಎರಡು ವಾರದೊಳಗೆ ಹೊಸದಾಗಿ ಸಲ್ಲಿಸಿ.'

"ಪಾಠ ಸೋತಿದೆ ಅಂತ ನೀವೇ ಬರ್ಕೊಂಡ್ರೆ ನಾನೇನು ಬರೀಲಿ ಮೇಡಮ್?" ಎಂದರು ಅಧಿಕಾರಿ.

"ಸೋತದ್ದು ಬರೆದದ್ದಕ್ಕೇ ಮರುದಿನ ಸರಿಯಾದದ್ದು, ಸರ್. ರೆಕಾರ್ಡ್ ಉಂಟು, ಕೇಳಿ."

"ಓಹೋ. ಕ್ಲಾಸಲ್ಲಿ ಮೊಬೈಲ್ ಹಿಡಿದದ್ದನ್ನೂ ಬರೆದು ಕೊಡ್ತೀರಾ?"

ಟೀಚರು ಮೊಬೈಲನ್ನು ಚೀಲಕ್ಕೆ ಹಾಕಿದರು. ಸಾಹೇಬರ ಜೀಪು ಹೋದ ಮೇಲೆ ಹೆಡ್‌ಮಾಸ್ಟ್ರು ಅಣ್ಣಯ್ಯ ಶೆಟ್ಟರು ಹತ್ತಿರ ಬಂದು, "ನಂಗೆ ರಿಟೈರ್ ಆಪುಕೆ ಇನ್ನೆರಡ್ ವರ್ಷ ಇತ್ತ್ ಟೀಚರೇ. ಸಿ.ಡಿ.ದೇ ಕೊಟ್ಬಿಡಿ," ಎಂದರು. ಬೈದದ್ದಲ್ಲ, ಬೇಡಿದ್ದು.

ಕೊಟ್ಟರು. ಕೆಲವು ತಿಂಗಳು ಎರಡೂ ನಡೆಯಿತು: ಸಹಿಗೆ ಪ್ರಿಂಟು, ಚೀಲದೊಳಗೆ ಹಳೆಯ ಪುಸ್ತಕ. ಆಮೇಲೆ ಮತದಾರರ ಪಟ್ಟಿ ಹಿಡಿದು ಮನೆಮನೆ ತಿರುಗುವ ಕೆಲಸ ಬಂತು, ಬಿಸಿಯೂಟದ ಲೆಕ್ಕ ಬಂತು, ಕುತ್ತಿಗೆ ನೋವು ಬಂತು. ಬಸ್ಸಿನಲ್ಲಿ ಕೂತರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು.

ಮೊನ್ನೆ ಕೇಳಿದೆ, ಈ ವರ್ಷ ಭಿನ್ನರಾಶಿ ಹೇಗಾಯಿತು ಎಂದು.

"ಉದ್ದೇಶ ಈಡೇರಿದೆ ಅಂದ್ ಬರ್ದಿತ್ತಲೆ," ಅಂದರು. ನಗಲಿಲ್ಲ. "ರೆಕಾರ್ಡ್ ಕೇಣುದೇ ಬಿಟ್ಟೆ. ಕೇಂಡ್ರೆ ಬರೀಕ್, ಬರ್ದ್ರೆ ಬೈಸ್ಕಣ್ಕ್." ಕೇಳಿದರೆ ಬರೆಯಬೇಕು, ಬರೆದರೆ ಬೈಸಿಕೊಳ್ಳಬೇಕು.

ಕಂಪ್ಯೂಟರನ್ನು ಬೈಯುವುದು ಸುಲಭ. ಆದರೆ ತನ್ನ ತಪ್ಪು ತಾನೇ ಕೇಳಿಸಿಕೊಳ್ಳಲು ಈ ಹೆಂಗಸು ಹಿಡಿದದ್ದೂ ಯಂತ್ರವನ್ನೇ. ತಪ್ಪು ಒಪ್ಪಿಕೊಂಡವರಿಗೆ ಕೆಂಪು ಶಾಯಿ ಹಾಕಿದ್ದು ಮನುಷ್ಯ. ಪಾಠ ಹೇಗಾಯಿತೆಂದು ಒಮ್ಮೆಯೂ ಕೇಳದೆ ಇದ್ದವರು ಊರಿನವರು, ಅಂದರೆ ನಾವು.

ಪೋಷಕರ ಸಭೆಯಲ್ಲಿ ಗೋಡೆಯ ಬಣ್ಣ ಕೇಳುತ್ತೀರಿ, ಸಾರು ತೆಳ್ಳಗಾದದ್ದು ಕೇಳುತ್ತೀರಿ. ಈ ಸಲ ಹೋಗಿ, ಎದ್ದು ನಿಂತು, ಈ ವರ್ಷ ಯಾವ ಪಾಠ ಸೋತಿತು ಎಂದು ಕೇಳಿ. ಒಬ್ಬ ಟೀಚರಾದರೂ ಬಾಯಿ ಬಿಟ್ಟು ಹೇಳಿದರೆ, ಅವರನ್ನು ಗದರಿಸಲು ಬರುವವರ ಎದುರು ನೀವು ನಿಲ್ಲಿ.