ಕೂಗಬಾರದ ಗುಡ್ಡ

ಊರವರು ಅವಳನ್ನು ಪಿಸುಮಾತಿನಕ್ಕ ಎನ್ನುತ್ತಿದ್ದರು. ಬೈದರೂ ಪಕ್ಕದಲ್ಲಿದ್ದವರಿಗೆ ಕೇಳಿಸುತ್ತಿರಲಿಲ್ಲ. "ನಮ್ಮತ್ತೆ ಬೈತಿದ್ದಾರೋ, ಗುಟ್ಟು ಹೇಳ್ತಿದ್ದಾರೋ, ಒಂದೂ ತಿಳಿಯಲ್ಲ ಕಣ್ರೀ" ಎಂದು ಹೊಸ ಸೊಸೆ ಗಂಡನ ಹತ್ತಿರ ನಗುತ್ತಿದ್ದಳು. ದೂರದ ಊರಿನವಳು, ಪಾಪ, ಈ ಹಾಳು ಗುಡ್ಡದ ಸಂಗತಿ ಅವಳಿಗೇನು ಗೊತ್ತು?

ಗುಡ್ಡ ಒಂದೇ. ಯಾರೋ ಮಹಾನುಭಾವರು ನಡುವೆ ಗೆರೆ ಎಳೆದು ಎರಡು ದೇಶ ಮಾಡಿದರು. ಆಚೆಗೊಂದು ಕಾವಲು ಠಾಣೆ, ಈಚೆಗೊಂದು. ಯುದ್ಧದಲ್ಲಿ ಹೂತ ನೆಲಬಾಂಬುಗಳು ಇನ್ನೂ ಮಣ್ಣಿನಲ್ಲೇ ಇವೆ. ಅಕ್ಕ ಚಿಕ್ಕವಳಿದ್ದಾಗ ಅವಳಪ್ಪ ತಪ್ಪಿಸಿಕೊಂಡ ಎತ್ತನ್ನು ಗುಡ್ಡದ ಮೇಲೆ ನಿಂತು ಜೋರಾಗಿ ಕೂಗಿ ಕರೆದ. ಎರಡೂ ಕಡೆಯಿಂದ ಗುಂಡು ಹಾರಿತು. ಎತ್ತು ಮನೆಗೆ ಬಂತು, ಅಪ್ಪ ಬರಲಿಲ್ಲ. ಅಂದಿನಿಂದ ಗುಡ್ಡದ ಮೇಲೆ ಊರಿನವರದೆಲ್ಲ ಕೈಸನ್ನೆಯ ಮಾತು. ಅಕ್ಕನಂತೂ ಮನೆಯೊಳಗೂ ದನಿ ಎತ್ತಲಿಲ್ಲ.

ಕಲ್ಲಿಗೆ ಬಣ್ಣ ಬಳಿಯುವುದು ಅವಳ ಕೆಲಸ. ಬಿಳಿ ಕಲ್ಲಿನ ಸಾಲು ನಡೆಯುವ ದಾರಿ. ಕೆಂಪು ಕಲ್ಲು ದಾಟಿದರೆ ಮುಗಿಯಿತು ಕಥೆ.

ಬಿಡದೆ ಹೊಡೆದ ಮಳೆ ನಿಂತ ಮೇಲೆ, ಅಕ್ಕ ಬಣ್ಣದ ಡಬ್ಬಿ ಹಿಡಿದು ಠಾಣೆಯ ಕಡೆಯ ದಾರಿಯಿಂದ ಗುಡ್ಡ ಹತ್ತಿದ್ದಳು. ಮಧ್ಯಾಹ್ನ ಇನ್ನೊಂದು ಇಳಿಜಾರಿನತ್ತ ನೋಡಿದಳು. ಮಣ್ಣು ಜಾರಿ, ಕೆಂಪು ಕಲ್ಲುಗಳು ಹೂತುಹೋಗಿ, ಬಿಳಿ ಕಲ್ಲುಗಳು ಬೋಳುಮರದ ಬುಡಕ್ಕೆ ಬಂದು ಕೂತಿದ್ದವು. ಆ ಮರ ಇರುವುದೇ ಬಾಂಬಿನ ನೆಲದಲ್ಲಿ! ಬಿಳಿ ಕಲ್ಲು ನಂಬಿಕೊಂಡು, ಬುತ್ತಿ ಹಿಡಿದು, ತಲೆ ತಗ್ಗಿಸಿ ಸೊಸೆ ಅತ್ತಲೇ ನಡೆದಿದ್ದಳು.

ಅಕ್ಕ ಎರಡೂ ಕೈ ಬೀಸಿದಳು. ಹುಡುಗಿ ತಲೆ ಎತ್ತಬೇಕಲ್ಲ! ಬಾಯಿ ತೆರೆದಳು, ದನಿ ಹೊರಡಲಿಲ್ಲ. ಕಣ್ಣ ಮುಂದೆ ಅಪ್ಪ ಬಂದು ನಿಂತ. ಸೊಸೆ ಮರದ ಹತ್ತಿರ ಬಂದೇಬಿಟ್ಟಳು.

"ನಿಲ್ಲೇ! ಅಲ್ಲೇ ನಿಲ್ಲೇ!"

ಸೊಸೆ ಮರಗಟ್ಟಿ ನಿಂತಳು. ಎರಡೂ ಠಾಣೆಯ ಬಂದೂಕುಗಳು ಅಕ್ಕನ ಕಡೆ ತಿರುಗಿದವು. ಅಕ್ಕ ಕಣ್ಣು ಮುಚ್ಚಿ ಕಾದಳು. ಗುಂಡು ಬರಲಿಲ್ಲ, ಯಾಕೆ ಬರಲಿಲ್ಲವೋ ದೇವರೇ ಬಲ್ಲ.

"ಬಂದ ಹೆಜ್ಜೆ ಮೇಲೇ ಹಿಂದಕ್ಕೆ ಹೋಗು! ಕಲ್ಲು ನಂಬಬೇಡ!" ಎಂದು ಮತ್ತೆ ಕೂಗಿದಳು. ಹಸಿ ಮಣ್ಣಿನಲ್ಲಿ ಮೂಡಿದ್ದ ತನ್ನ ಹೆಜ್ಜೆಗಳನ್ನೇ ಹುಡುಕುತ್ತ, ಅಳುತ್ತ, ಸೊಸೆ ಒಂದೊಂದೇ ಹೆಜ್ಜೆ ಹಿಂದೆ ಸರಿದಳು.

ಮನೆಗೆ ಬಂದ ಮೇಲೆ ಸೊಸೆ ಅವಳನ್ನು ತಬ್ಬಿಕೊಂಡು ಬಿಕ್ಕಿದಳು. "ಇನ್ಮೇಲೆ ಹಾಗೇ ಜೋರಾಗಿ ಬೈರಿ ಅತ್ತೆ."

ಪಿಸುಮಾತಿನಕ್ಕ ಎದ್ದು ಹೋಗಿ ಗುಡ್ಡದ ಕಡೆಯ ಕಿಟಕಿ ಮುಚ್ಚಿದಳು.

"ಮೆಲ್ಲಗೆ ಮಾತಾಡೇ," ಎಂದಳು. "ಅವರಿಗೀಗ ನನ್ನ ದನಿ ಗೊತ್ತಾಗ್ಬಿಟ್ಟಿದೆ."